ನಾಲ್ಕು ಕಡ್ಡಿ, ಒಂದು ಚಾಕು

ಸರ್ವೆ ಅಂದ್ರೆ ನಮಗೆ ಥಿಯೊಡೊಲೈಟ್, ಟೋಟಲ್ ಸ್ಟೇಷನ್. ಡೀಟ್ರಿಕ್ ಬ್ರಾಂಡಿಸ್ ಕೈಯಲ್ಲಿ ಇದ್ದದ್ದು ನಾಲ್ಕು ಕಡ್ಡಿ, ಒಂದು ಚಾಕು ಅಷ್ಟೇ.

1824ರಲ್ಲಿ ಜರ್ಮನಿಯ ಬಾನ್ ಊರಲ್ಲಿ ಹುಟ್ಟಿ, ಅಲ್ಲೇ ಸಸ್ಯಶಾಸ್ತ್ರ ಕಲಿಸುತ್ತಿದ್ದ ಇವರು 1856ರಲ್ಲಿ ಬರ್ಮಾದ ಪೆಗು ತೇಗದ ಕಾಡುಗಳ ಉಸ್ತುವಾರಿಗೆ ಬಂದರು. ಪಕ್ಕದ ತೆನಾಸ್ಸೆರಿಮ್‌ನಲ್ಲಿ ಮರದ ವ್ಯಾಪಾರಿಗಳು ಆಗಲೇ ತೇಗ ಕಡಿದು ಕಾಡನ್ನು ಬರಿದು ಮಾಡಿದ್ದರು. ಬ್ರಾಂಡಿಸ್ ಆನೆ ಮೇಲೆ ಕೂತು, ದಾರಿ ಪಕ್ಕದ ಪ್ರತಿ ತೇಗಕ್ಕೂ ಅದರ ಗಾತ್ರಕ್ಕೆ ತಕ್ಕ ಕಡ್ಡಿ ಮೇಲೆ ಒಂದು ಗೀರು ಹಾಕುತ್ತಾ ಹೋದರು. ನಾವು ಸ್ಯಾಂಪ್ಲಿಂಗ್ ಅಂತೀವಲ್ಲ, ಅದೇ.

ತಾನಾಗೇ ಹುಟ್ಟಿದ ಎಳೆ ಮರ ಬಲಿಯೋಕೆ ಎಷ್ಟು ವರ್ಷ ಬೇಕು ಅಂತ ಅಂದಾಜು ಮಾಡಿ, ಅವು ತುಂಬಿಕೊಡುವಷ್ಟು ದೊಡ್ಡ ಮರಗಳನ್ನು ಮಾತ್ರ ಕಡಿಯಲು ಬಿಟ್ಟರು. ಅಸಲು ಮುಟ್ಟದೆ ಬಡ್ಡಿಯಲ್ಲಿ ಬದುಕೋ ಲೆಕ್ಕ ಇದು.

1864ರಲ್ಲಿ ಭಾರತದ ಮೊದಲ ಅರಣ್ಯ ಇನ್‌ಸ್ಪೆಕ್ಟರ್ ಜನರಲ್ ಆದರು. ಹಳ್ಳಿಗಳಿಗೂ ಅವುಗಳದ್ದೇ ಕಾಡು ಇರಲಿ ಅಂತ ವಾದಿಸಿದರು. ಸರ್ಕಾರ ಹೆಚ್ಚು ಕಿವಿಗೊಡಲಿಲ್ಲ. 1878ರ ಕಾಯ್ದೆ ಬಂದ ಮೇಲೆ ಎಷ್ಟೋ ಕಡೆ ಸೌದೆ ತರೋದೇ ಅಪರಾಧವಾಯ್ತು.

1907ರಲ್ಲಿ ಬ್ರಾಂಡಿಸ್ ಬಾನ್‌ನಲ್ಲೇ ತೀರಿಕೊಂಡರು. ನಾಳೆ ರಸ್ತೆ, ಡ್ಯಾಮ್ ಅಂತ ಪ್ಲಾನ್ ಹಾಕೋ ನಾವು ಮರಗಳ ಜೊತೆ ಅಲ್ಲಿನ ಜನರನ್ನೂ ಲೆಕ್ಕಕ್ಕೆ ತಗೋಬೇಕು.