ಕವಿ ಲಿಟನ್ನನ ಆಯುಧ ಶಾಸನ

ಕವಿಯ ಕೈಗೆ ರಾಜ್ಯಭಾರ ಬಂದರೆ ಪ್ರಜೆಗಳು ಸುಖವಾಗಿದ್ದಾರು ಎಂದು ನಂಬುವವರುಂಟು. ಅಂಥವರು ಲಾರ್ಡ್ ಲಿಟನ್ನನ ಚರಿತ್ರೆಯನ್ನು ಒಮ್ಮೆ ನೋಡಬೇಕೆಂದು ನನಗೆ ತೋರುತ್ತದೆ.

ರಾಬರ್ಟ್ ಲಿಟನ್ 1831ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ. ತಂದೆ ಆ ಕಾಲದ ಹೆಸರಾಂತ ಕಾದಂಬರಿಕಾರ. ಮಗ ಹದಿಹರೆಯದಲ್ಲಿಯೇ ರಾಯಭಾರ ಕಚೇರಿಯ ಕೆಲಸಕ್ಕೆ ಸೇರಿ ವಾಷಿಂಗ್ಟನ್ನಿಗೆ ಹೋದ. ಮುಂದೆ ಯೂರೋಪಿನ ರಾಜಧಾನಿಗಳನ್ನು ಸುತ್ತಿದ. ಓವೆನ್ ಮೆರೆಡಿತ್ ಎಂಬ ಕಾವ್ಯನಾಮದಿಂದ ಪದ್ಯಗಳನ್ನು ಬರೆದ. 1876ರಲ್ಲಿ ಪ್ರಧಾನಿ ಡಿಸ್ರೇಲಿ ಅವನನ್ನು ವೈಸರಾಯನನ್ನಾಗಿ ಭಾರತಕ್ಕೆ ಕಳುಹಿಸಿದ.

ಬಂದ ವರ್ಷವೇ ಆತ ನ್ಯಾಯಪಕ್ಷಪಾತಿಯೆಂದು ಕಾಣಿಸಿಕೊಂಡ. ಆಗ್ರಾದಲ್ಲಿ ಆಂಗ್ಲ ವಕೀಲನೊಬ್ಬನ ಹೊಡೆತದಿಂದ ಅವನ ಕುದುರೆಯಾಳು ಸತ್ತಿದ್ದ. ಮ್ಯಾಜಿಸ್ಟ್ರೇಟನು ಮೂವತ್ತು ರೂಪಾಯಿ ದಂಡ ಹಾಕಿ ಕೈತೊಳೆದುಕೊಂಡಿದ್ದ. ಲಿಟನ್ ಆ ತೀರ್ಪನ್ನು ಬಹಿರಂಗವಾಗಿ ಖಂಡಿಸಿ ಸ್ವಜನರ ಕೋಪಕ್ಕೆ ಪಾತ್ರನಾದ. ಆ ನ್ಯಾಯಬುದ್ಧಿ ಬಹುಕಾಲ ನಿಲ್ಲಲಿಲ್ಲ. ಧಾತು, ಈಶ್ವರ ಸಂವತ್ಸರಗಳ ಬರದಿಂದ ಮೈಸೂರು ಸೀಮೆ ತತ್ತರಿಸುತ್ತಿದ್ದಾಗ, 1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಭವದ ದರ್ಬಾರು ನಡೆಯಿತು. ಮರುವರ್ಷ ಎರಡು ಕಾಯಿದೆಗಳು ಹೊರಬಿದ್ದವು. ಒಂದು ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಿತು. ಇನ್ನೊಂದು ಜನರ ಕೈ ಕಟ್ಟಿತು.

ಆಯುಧ ಕಸಿಯುವುದು ಹೊಸದೇನಲ್ಲ. 1857ರಲ್ಲಿ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿ ನಿಂತ ಹಲಗಲಿಯ ಬೇಡರ ಕಥೆ ನಮ್ಮ ಲಾವಣಿಗಳಲ್ಲಿ ಉಳಿದಿದೆ. ಆ ಕಾಲದ ತುರ್ತುಕ್ರಮಗಳಿಗೆ ಲಿಟನ್ನನ ಆಡಳಿತ ಸ್ಥಿರಶಾಸನದ ರೂಪ ಕೊಟ್ಟಿತು. ಪರವಾನಗಿಯಿಲ್ಲದೆ ಆಯುಧ ಹಿಡಿದು ತಿರುಗುವುದು ಅಪರಾಧವಾಯಿತು. ಯೂರೋಪಿಯನ್ನರಿಗೆ ಮಾತ್ರ ನಿಯಮಗಳಲ್ಲಿಯೇ ವಿನಾಯಿತಿ. ಸರ್ಕಾರ ನಂಬುಗೆಯವರೆಂದೆಣಿಸಿದ ಕೊಡವರಿಗೂ ಅದು ದೊರೆತಿತ್ತು. ಉಳಿದ ಜನಕೋಟಿಯೆಲ್ಲ ಸಂಶಯಕ್ಕೊಳಗಾದವರು.

ಕೋವಿಗೆ ಕಟ್ಟುಪಾಡು ಬೇಕೆ? ಬೇಕೆಂದೇ ನಾನು ಹೇಳುವೆ. ಕುಡುಕನ ಕೈಯಲ್ಲಿರುವ ತುಂಬಿದ ಕೋವಿ ನೆರೆಹೊರೆಗೆ ಮೃತ್ಯು. ಆದರೆ ಕಟ್ಟುಪಾಡು ಮನುಷ್ಯನ ನಡತೆಯನ್ನು ಅಳೆಯಬೇಕು, ಮೈಬಣ್ಣವನ್ನಲ್ಲ. ಕುದುರೆಯಾಳಿನ ಸಾವಿನಲ್ಲಿ ಈ ಭೇದವನ್ನು ಕಂಡು ಕೆರಳಿದವನೇ ಎರಡು ವರ್ಷಗಳಲ್ಲಿ ಅದನ್ನು ಕಾಯಿದೆಯ ನೆರಳಿಗೆ ತಂದನಲ್ಲ ಎಂಬುದೇ ನನ್ನ ವ್ಯಥೆ.

1880ರಲ್ಲಿ ಇಂಗ್ಲೆಂಡಿನ ಮಂತ್ರಿಮಂಡಲ ಬದಲಾಯಿತು, ಲಿಟನ್ ಹೊರಟುಹೋದ. ಅವನ ನಂತರ ಬಂದ ರಿಪನ್ ಪತ್ರಿಕೆಗಳ ಕಾಯಿದೆಯನ್ನು ರದ್ದುಪಡಿಸಿದ. ಆಯುಧ ಕಾಯಿದೆಯನ್ನು ಉಳಿಸಿಕೊಂಡ. 1887ರ ಮದರಾಸು ಕಾಂಗ್ರೆಸ್ಸಿನಲ್ಲಿ ಅದರ ವಿರುದ್ಧ ದನಿಯೆದ್ದಿತು. 1930ರಲ್ಲಿ ಗಾಂಧೀಜಿಯವರು ಸರ್ಕಾರದ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಆತ್ಮರಕ್ಷಣೆಗಾಗಿ ಕೋವಿಯ ಪರವಾನಗಿ ಕೊಡಬೇಕೆಂಬುದೂ ಒಂದು. ಅದರ ಹತೋಟಿ ಜನತೆಯದಾಗಿರಬೇಕೆಂಬುದನ್ನೂ ಅವರು ಸೇರಿಸಿದ್ದರು. ಅಹಿಂಸೆಯ ಆಚಾರ್ಯರು ಕೋವಿಯನ್ನು ಮೆಚ್ಚಿದವರಲ್ಲ. ಒಂದು ಜನಾಂಗವನ್ನೇ ಅಪನಂಬಿಕೆಯಿಂದ ಕಾಣುವುದನ್ನು ಸಹಿಸದವರು.

ಲಿಟನ್ 1891ರಲ್ಲಿ ಪ್ಯಾರಿಸಿನಲ್ಲಿ ರಾಯಭಾರಿಯಾಗಿದ್ದಾಗಲೇ ತೀರಿಕೊಂಡ. ಅವನ ಕಾವ್ಯವನ್ನು ಇಂದು ಓದುವವರು ವಿರಳ. ಅವನ ಕಾಲದ ಕಾಯಿದೆ ಮಾತ್ರ ಅವನಿಗಿಂತ ದೀರ್ಘಾಯುವಾಯಿತು. 1959ರಲ್ಲಿ ಸ್ವತಂತ್ರ ಭಾರತ ಹೊಸ ಶಾಸನ ರಚಿಸಿತು. ಅದು 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಪರವಾನಗಿಯನ್ನು ಅದೂ ಬಿಡಲಿಲ್ಲ. ಆದರೆ ಪರವಾನಗಿ ನಿರಾಕರಿಸುವ ಅಧಿಕಾರಿ ಕಾರಣವನ್ನು ಬರೆದಿಡಬೇಕು. ನಿರಾಕರಣೆಗೊಳಗಾದವನು ಮೇಲ್ಮನವಿ ಸಲ್ಲಿಸಬಹುದು. ಪ್ರಜೆಯನ್ನು ಪ್ರಜೆಯೆಂದು ಕಾಣುವ ಕಟ್ಟುಪಾಡಿಗೆ ನಾನು ಸಂತೋಷದಿಂದ ತಲೆಬಾಗುತ್ತೇನೆ.