ತಂತಿಯ ವೇಗಕ್ಕೆ ಹೆಸರು ಕೊಟ್ಟ ಎಮಿಲ್ ಬೋಡೋ

ಊರಿನಿಂದ ತಂತಿ ಬಂದಿದೆಯೆಂದರೆ ಹೋಟೆಲಿನ ಅಡುಗೆಮನೆಯಲ್ಲಿ ಎಲ್ಲರ ಕೈಯೂ ಒಂದು ಕ್ಷಣ ನಿಲ್ಲುತ್ತಿದ್ದ ಕಾಲವನ್ನು ನಮ್ಮ ಹಿರಿಯ ವಾಚಕರು ಬಲ್ಲರು. ಕುಂದಾಪುರದಿಂದಲೋ ಕಾರ್ಕಳದಿಂದಲೋ ಮದರಾಸಿಗೆ ಬಂದ ಆ ನಾಲ್ಕು ಪದಗಳು ತಾಯಿಯ ಕಾಯಿಲೆಯನ್ನು ತಿಳಿಸಬಹುದಾಗಿತ್ತು, ತಂಗಿಯ ಮದುವೆಯನ್ನೂ ತಿಳಿಸಬಹುದಾಗಿತ್ತು. 2013ರ ಜುಲೈ 14ರಂದು ಭಾರತದ ತಂತಿ ಸೇವೆ ಮುಗಿಯಿತು. ಆದರೂ ಆ ಇಲಾಖೆಯ ಕೆಲಸಗಾರನೊಬ್ಬನ ಹೆಸರು, ಬಾಲ ಕತ್ತರಿಸಲ್ಪಟ್ಟು, ಚೆನ್ನೈಯ ಕಡಲತೀರವನ್ನು ಬಂದು ಸೇರುವ ಫೈಬರ್ ಕೇಬಲುಗಳ ಲೆಕ್ಕದಲ್ಲಿ ಇಂದಿಗೂ ಉಳಿದಿದೆ. ಆತನೇ ಫ್ರಾನ್ಸ್ ದೇಶದ ಎಮಿಲ್ ಬೋಡೋ.

ಬೋಡೋ 1845ರ ಸೆಪ್ಟೆಂಬರ್ 11ರಂದು ಮಾನ್ಯೋ ಎಂಬ ಹಳ್ಳಿಯಲ್ಲಿ ರೈತನ ಮಗನಾಗಿ ಜನಿಸಿದನು. ಊರಿನ ಪ್ರಾಥಮಿಕ ಶಾಲೆಯ ಪಾಠವೇ ಅವನ ವಿದ್ಯಾಭ್ಯಾಸ. ತಂದೆಯ ಹೊಲದಲ್ಲಿ ದುಡಿಯುತ್ತಿದ್ದವನು 1869ರಲ್ಲಿ ತಂತಿ ಇಲಾಖೆಯಲ್ಲಿ ಅಭ್ಯಾಸಿಯಾಗಿ ಸೇರಿದನು. ಮರುವರ್ಷ ಪ್ರಷ್ಯದೊಡನೆ ಯುದ್ಧ ಬಂದಾಗ ಸೈನ್ಯದಲ್ಲಿಯೂ ಸೇವೆ ಸಲ್ಲಿಸಿದನು.

ಕೆಲಸ ಕಲಿಯುವಾಗಲೇ ಅವನಿಗೆ ಒಂದು ಸಂಗತಿ ಹೊಳೆಯಿತು. ತಂತಿ ವೇಗದ್ದು, ಮನುಷ್ಯನ ಕೈ ನಿಧಾನದ್ದು. ಒಬ್ಬನು ಕುಟ್ಟುತ್ತಿರುವಷ್ಟು ಹೊತ್ತೂ ನೂರಾರು ಮೈಲಿಯ ತಂತಿಯು ಬಹುಪಾಲು ಖಾಲಿಯಾಗಿಯೇ ಇರುತ್ತಿತ್ತು. ಊಟದ ಹೊತ್ತಿನಲ್ಲಿ ಅಡುಗೆಮನೆಯ ಒಂದೇ ಕಿಂಡಿಯನ್ನು ಒಬ್ಬ ಸಪ್ಲೈಯರನಿಗೆ ಮೀಸಲಾಗಿಟ್ಟು, ಉಳಿದ ಮೂವರನ್ನು ಸುಮ್ಮನೆ ನಿಲ್ಲಿಸಿದಂತೆ! ನಾಲ್ವರೂ ಸರದಿಯ ಮೇಲೆ ಅದೇ ಕಿಂಡಿಯನ್ನು ಬಳಸಬಾರದೇಕೆ? ಅಡ್ಡಿಯಾದುದು ಮೋರ್ಸನ ಲಿಪಿ. ಅದರಲ್ಲಿ ಒಂದಕ್ಷರಕ್ಕೆ ಒಂದೇ ಚುಕ್ಕೆ, ಇನ್ನೊಂದಕ್ಕೆ ನಾಲ್ಕು ಗುರುತು. ಉದ್ದ ಸಮವಲ್ಲದ ಅಕ್ಷರಗಳನ್ನು ಸಮನಾದ ಸರದಿಗೆ ಹೊಂದಿಸುವುದು ಕಷ್ಟ. ಆದುದರಿಂದ ಬೋಡೋ ಪ್ರತಿಯೊಂದು ಅಕ್ಷರಕ್ಕೂ ಐದೇ ಮಿಡಿತಗಳನ್ನು ಗೊತ್ತುಮಾಡಿದನು. ಪ್ರತಿ ಮಿಡಿತವೂ ಎರಡು ಬಗೆಗಳಲ್ಲಿ ಒಂದು. ಐದರಿಂದ 32 ಜೋಡಣೆಗಳು. ನಾಲ್ವರ ಸರದಿಯನ್ನು ಹಂಚಲು ಸುತ್ತುವ ಚಕ್ರವೊಂದನ್ನು ರಚಿಸಿ, 1874ರಲ್ಲಿ ಪೇಟೆಂಟ್ ಪಡೆದನು. 1877ರ ನವೆಂಬರಿನಲ್ಲಿ ಪ್ಯಾರಿಸ್ ಮತ್ತು ಬೋರ್ಡೋ ನಗರಗಳ ನಡುವೆ ಯಂತ್ರ ಕೆಲಸಕ್ಕೆ ನಿಂತಿತು.

ಯಂತ್ರಕ್ಕೆ ಐದೇ ಕೀಲಿ: ಎಡಗೈಗೆ ಎರಡು, ಬಲಗೈಗೆ ಮೂರು. ತನ್ನ ಸರದಿ ಬಂದುದನ್ನು ಒಂದು ಟಕ್ ಶಬ್ದದಿಂದ ಅರಿತು ಆಗಲೇ ಒತ್ತಬೇಕು. ತಾಳ ತಪ್ಪಿದರೆ ಅಕ್ಷರ ಕೆಟ್ಟಿತು. ಚಕ್ರವು ನಿಮಿಷಕ್ಕೆ 180 ಸುತ್ತು ತಿರುಗಿದರೆ ಒಬ್ಬನಿಂದ 180 ಅಕ್ಷರ, ಅಂದರೆ ಸುಮಾರು 30 ಪದ. ನಾಲ್ವರಿಂದ 120 ಪದ. ತಂತಿ ಒಂದೇ!

ಮಿಡಿತದ ಲೆಕ್ಕ ಬೇರೆ, ಅಕ್ಷರದ ಲೆಕ್ಕ ಬೇರೆ ಎಂಬುದು ಇಲ್ಲಿಂದಲೇ ತಿಳಿಯುತ್ತದೆ. ಮುಂದೆ ಬಂದ ಟೆಲೆಕ್ಸ್ ಯಂತ್ರವು ಸೆಕೆಂಡಿಗೆ 50 ಮಿಡಿತ ಕಳುಹಿಸುತ್ತಿತ್ತು. ಐದರಿಂದ ಭಾಗಿಸಿ 10 ಅಕ್ಷರವೆಂದರೆ ತಪ್ಪು. ಆರಂಭ ಮತ್ತು ಅಂತ್ಯದ ಗುರುತುಗಳು ಸೇರಿ ಒಂದಕ್ಷರಕ್ಕೆ ಏಳೂವರೆ ಮಿಡಿತದ ಕಾಲ ಬೇಕಾಗಿತ್ತು. ಸಿಕ್ಕುತ್ತಿದ್ದುದು ಆರೂ ಮುಕ್ಕಾಲಕ್ಕಿಂತ ತುಸು ಕಡಿಮೆ. ಇಂದಿನ ಗುಮಾಸ್ತರು ಎಡವುವುದೂ ಇಲ್ಲಿಯೇ. ಫೈಬರಿನ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಡಿಸ್ಕಿನದನ್ನು ಬೈಟ್‌ಗಳಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. 100 ಮೆಗಾಬಿಟ್ಟಿನ ಫೈಬರ್ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟಿಗಿಂತ ಹೆಚ್ಚು ತಾರದು. 60 ಗಿಗಾಬೈಟಿನ ಹಳೆಯ ಲೆಕ್ಕಪತ್ರಗಳನ್ನು ಅದರಲ್ಲಿ ಕಳುಹಿಸಲು ಹತ್ತು ನಿಮಿಷವಲ್ಲ, 80 ನಿಮಿಷ ಬೇಕು. ಮೊದಲ ಪೀಳಿಗೆಯ ಸಾಟಾ ಡಿಸ್ಕಿನ ಸಂಪರ್ಕ ಒಂದೂವರೆ ಗಿಗಾಬಿಟ್ಟಿನದು. ಅಲ್ಲಿ ಎಂಟು ಬಿಟ್‌ಗಳನ್ನು ಹತ್ತಾಗಿ ಮಾಡಿ ಕಳುಹಿಸುವುದರಿಂದ ಎಂಟರಿಂದಲ್ಲ, ಹತ್ತರಿಂದ ಭಾಗಿಸಬೇಕು: 150 ಮೆಗಾಬೈಟ್. ನಾನೂ ಈ ಭೇದವನ್ನರಿಯದೆ ಲೈನು ಹಾಕಿದ ಹುಡುಗನೊಡನೆ ಜಗಳವಾಡಿದ್ದೇನೆ. ತಪ್ಪು ನನ್ನದೇ ಆಗಿತ್ತು.

ಬೋಡೋನಿಗೆ ಹೆಸರು ಬಂದಿತು, ಸುಖ ಬರಲಿಲ್ಲ. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ದೊರೆಯಿತು. ಆದರೆ ಐದು ಮಿಡಿತಗಳ ಲಿಪಿ ತನ್ನದೆಂದು ಮಿಮೋ ಎಂಬ ಇನ್ನೊಬ್ಬ ತಂತಿ ನೌಕರನು ನ್ಯಾಯಾಲಯಕ್ಕೆ ಹೋದನು. ಅವನೂ 1874ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಆ ಸಂಖ್ಯೆಯ ವಿಚಾರದಲ್ಲಿ ಮಿಮೋನ ಮಾತು ಪೂರ್ತಿ ಸುಳ್ಳೆಂದು ನನಗೆ ತೋರುವುದಿಲ್ಲ. ಆದರೆ ನಾಲ್ವರನ್ನು ಒಂದೇ ತಂತಿಯಲ್ಲಿ ದುಡಿಸಿದ ಕೆಲಸ ಬೋಡೋನದು. ಇಲಾಖೆಯಿಂದ ಹಣದ ನೆರವು ಸಾಲದೆ ಅವನು ಸ್ವಂತ ಖರ್ಚಿನಲ್ಲಿ ಪ್ರಯೋಗಗಳನ್ನು ನಡೆಸಿದನು. ಕಡೆಗೆ ಆ ಚಿನ್ನದ ಪದಕವನ್ನೇ ಮಾರಬೇಕಾಯಿತು. ನೌಕರಿಯ ಆರಂಭದಿಂದಲೂ ದೇಹಸ್ಥಿತಿ ಚೆನ್ನಾಗಿರಲಿಲ್ಲ.

1887ರಲ್ಲಿ ಇಟಲಿಯೂ, ಬಳಿಕ ಇತರ ದೇಶಗಳೂ ಅವನ ಯಂತ್ರವನ್ನು ಅಂಗೀಕರಿಸಿದುವು. ಭಾರತದ ದೊಡ್ಡ ನಗರಗಳ ನಡುವಣ ತಂತಿ ಮಾರ್ಗಗಳಲ್ಲಿಯೂ 20ನೆಯ ಶತಮಾನದಲ್ಲಿ ಅದು ಕೆಲಸ ಮಾಡಿತು. ಬೋಡೋ 1903ರ ಮಾರ್ಚ್ 28ರಂದು, 57ನೆಯ ವಯಸ್ಸಿನಲ್ಲಿ, ಪ್ಯಾರಿಸಿನ ಬಳಿಯ ಸೋ ಎಂಬಲ್ಲಿ ತೀರಿಕೊಂಡನು. 1926ರಲ್ಲಿ ಬರ್ಲಿನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ತಂತಿ ಸಲಹಾ ಸಮಿತಿಯು ಸೆಕೆಂಡಿಗೆ ಒಂದು ಮಿಡಿತದ ವೇಗಕ್ಕೆ ಅವನ ಹೆಸರಿನಿಂದ ಬಾಡ್ ಎಂದು ಹೆಸರಿಟ್ಟಿತು.