ಮರಳಿನಡಿಯ ಮೋಟಾರು

ಸತ್ತ ಮನುಷ್ಯನನ್ನು ಹೂಳುವುದು ಲೋಕರೂಢಿ. ಅವನ ಮೋಟಾರು ಗಾಡಿಯನ್ನೂ ಹೂತ ಕಥೆಯನ್ನು ನಾನು ಓದಿದ್ದು ಒಂದೇ ಒಂದು ಸಲ. 1927ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ, ವೇಲ್ಸಿನ ಪೆಂಡೈನ್ ಎಂಬ ಕಡಲತೀರದಲ್ಲಿ, ಮರಳು ತೋಡಿ 'ಬ್ಯಾಬ್ಸ್' ಎಂಬ ಭಾರಿ ಓಟದ ಗಾಡಿಯೊಂದನ್ನು ಮಣ್ಣು ಮಾಡಿದರು. ಅದರ ಒಡೆಯನಾದ ಜಾನ್ ಗಾಡ್‌ಫ್ರೆ ಪ್ಯಾರಿ ಥಾಮಸನು ಅದನ್ನು ಓಡಿಸುತ್ತಲೇ ಪ್ರಾಣ ಬಿಟ್ಟಿದ್ದನು. ಆತನ ಬಾಳನ್ನು ನೆನೆದಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಒಂದೇ: ಹಳೆಯ ಒಡಲಿಗೆ ಹೊಸ ಗುಂಡಿಗೆಯನ್ನು ಕೂಡಿಸಹೊರಟವನು ಉಳಿದ ಅವಯವಗಳಿಗೆ ಎಷ್ಟರ ಮಟ್ಟಿಗೆ ಹೊಣೆಗಾರನು?

ಥಾಮಸನು 1884ರಲ್ಲಿ ರೆಕ್ಸ್‌ಹ್ಯಾಮಿನಲ್ಲಿ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದನು. ಲಂಡನ್ನಿನಲ್ಲಿ ಎಂಜಿನಿಯರಿಂಗ್ ಕಲಿತು, ಬಸ್ಸು ಮತ್ತು ಟ್ರಾಮುಗಳಲ್ಲಿ ಎಂಜಿನ್ನಿನ ಶಕ್ತಿಯನ್ನು ವಿದ್ಯುತ್ತಿನ ಮೂಲಕ ಗಾಲಿಗೆ ಸಾಗಿಸುವ ವಿಧಾನವನ್ನು ರೂಪಿಸಿ ಹೆಸರು ಪಡೆದನು. ಮುಂದೆ ಲೇಲ್ಯಾಂಡ್ ಮೋಟಾರ್ಸ್ ಸಂಸ್ಥೆಯ ಮುಖ್ಯ ಎಂಜಿನಿಯರನಾದನು. ಅಲ್ಲಿ ಆತನು ರಚಿಸಿದ 'ಲೇಲ್ಯಾಂಡ್ ಎಯ್ಟ್' ಎಂಬ ಗಾಡಿ 1920ರಲ್ಲಿ ಜನರ ಕಣ್ಣಿಗೆ ಬಿತ್ತು. ಸಾಲಾಗಿ ನಿಂತ 8 ಸಿಲಿಂಡರುಗಳ ಆ ಗಾಡಿ ಒಬ್ಬನೇ ಮನುಷ್ಯನ ಬುದ್ಧಿಯಿಂದ ಮೂಡಿದ್ದು. ಅದರ ಎಂಜಿನ್ನಿಗೂ ಚಾಸಿಗೂ ಒಂದೇ ತವರು. ಬೆಲೆ ಮಾತ್ರ ಶ್ರೀಮಂತರನ್ನೂ ಹಿಮ್ಮೆಟ್ಟಿಸುವಂತಿತ್ತು. ಕೊಂಡವರು ಬೆರಳೆಣಿಕೆಯಷ್ಟು ಮಂದಿ. ಕೆಲವೇ ವರ್ಷಗಳಲ್ಲಿ ಥಾಮಸನು ಆ ಹುದ್ದೆಯನ್ನು ಬಿಟ್ಟು, ಬ್ರೂಕ್‌ಲ್ಯಾಂಡ್ಸ್ ಓಟದ ಪಥದ ಆವರಣದಲ್ಲಿಯೇ ಮನೆ ಮಾಡಿಕೊಂಡು, ಓಟವನ್ನೇ ಜೀವನವನ್ನಾಗಿ ಮಾಡಿಕೊಂಡನು.

ಇನ್ನು ಬ್ಯಾಬ್ಸ್ ಗಾಡಿಯ ಪೂರ್ವಾಶ್ರಮವನ್ನು ಹೇಳಬೇಕು. ಮೊದಲನೆಯ ಮಹಾಯುದ್ಧ ಮುಗಿದಾಗ ವಿಮಾನದ ಎಂಜಿನ್ನುಗಳು ಕೇಳುವವರಿಲ್ಲದೆ ಉಳಿದವು. ಲೂಯಿ ಜ್ಬೊರೊವ್ಸ್ಕಿ ಎಂಬ ಸಿರಿವಂತ ತರುಣನು ಅಂಥ 23 ಲೀಟರಿನ ಮೇಬ್ಯಾಕ್ ಎಂಜಿನ್ನೊಂದನ್ನು ಯುದ್ಧಕ್ಕೆ ಮುಂಚಿನ ಮರ್ಸಿಡಿಸ್ ಚಾಸಿಗೆ ಕೂಡಿಸಿ, 1921ರಲ್ಲಿ ಬ್ರೂಕ್‌ಲ್ಯಾಂಡ್ಸಿನಲ್ಲಿ ಗೆದ್ದನು. ಆ ಗೆಲುವಿನ ಅಮಲಿನಲ್ಲಿ ಇನ್ನೂ ದೊಡ್ಡದೊಂದನ್ನು ಕಟ್ಟಿಸಿದನು. ಅದರ ಎಂಜಿನ್ ಅಮೆರಿಕದ ಲಿಬರ್ಟಿ: 12 ಸಿಲಿಂಡರು, 27 ಲೀಟರು, ಸುಮಾರು 400 ಅಶ್ವಶಕ್ತಿ. ಅದರ ಗೇರುಪೆಟ್ಟಿಗೆಯಾದರೋ ಯುದ್ಧಪೂರ್ವದ ಬೆಂಜ್ ಓಟದ ಗಾಡಿಯದು. ಹಿಂದಿನ ಗಾಲಿಗಳನ್ನು ತಿರುಗಿಸುತ್ತಿದ್ದುದು ಎರಡು ಪಕ್ಕದ ಸರಪಣಿಗಳು. ಆ ಬೆಂಜ್ ಗಾಡಿ 200 ಅಶ್ವಶಕ್ತಿಯದು ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಎಂಜಿನ್ ಬದಲಿಸುವುದೆಂದರೆ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವುದೆಂದು ಹೊರಗಿನವರು ಭಾವಿಸುವುದು ಸಹಜ. ನಿಜಸ್ಥಿತಿ ಹಾಗಲ್ಲ. ವಿಮಾನದ ಎಂಜಿನ್ ಗಾಳಿಯಲ್ಲಿ ರೆಕ್ಕೆಯನ್ನು ತಿರುಗಿಸುತ್ತ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ದುಡಿಯತಕ್ಕದ್ದು. ನೆಲದ ಮೇಲಾದರೆ ಅದು ನಿಂತಲ್ಲಿಂದ ಎಳೆಯಬೇಕು. ಆ ಸೆಳೆತವನ್ನು ಕ್ಲಚ್ಚು, ಗೇರು, ಸರಪಣಿ, ಗಾಲಿ ಇವೆಲ್ಲವೂ ತಾಳಿಕೊಳ್ಳಬೇಕು. ಮುಗಿಲಿನಲ್ಲಿ ಎದುರುಗಾಳಿಯಿಂದ ತಣಿಯುತ್ತಿದ್ದ ನೀರಿಗೆ ಇಲ್ಲಿ ಬೇರೆ ಏರ್ಪಾಡಾಗಬೇಕು. ಆ ಕಾಲದ ಬಹುಪಾಲು ವಿಮಾನದ ಎಂಜಿನ್ನುಗಳು ತಮ್ಮ ಕಿಡಿಯನ್ನು ಮ್ಯಾಗ್ನೆಟೊದಿಂದ ತಾವೇ ಹುಟ್ಟಿಸಿಕೊಳ್ಳುತ್ತಿದ್ದವು. ಲಿಬರ್ಟಿಗಾದರೋ ಬ್ಯಾಟರಿ, ಡೈನಮೊ, ಸುರುಳಿ, ಅವುಗಳನ್ನು ಹೆಣೆಯುವ ತಂತಿಗಳು ಬೇಕು. ಹೃದಯವನ್ನು ತರುವವನು ನರಗಳನ್ನೂ ತರಬೇಕಾಯಿತು. ಇಷ್ಟನ್ನೂ ಸರಿಪಡಿಸಿದ ಮೇಲೆಯೂ ಹಳೆಯ ಭಾಗವೊಂದು ತನ್ನ ಹಳೆಯ ಲೆಕ್ಕದಲ್ಲಿಯೇ ಉಳಿದರೆ, ಇಡೀ ಗಾಡಿಯ ಬಲ ಆ ಒಂದರ ಬಲದಷ್ಟೇ.

ಜ್ಬೊರೊವ್ಸ್ಕಿಯು 1924ರಲ್ಲಿ ಇಟಲಿಯ ಮೊಂಜ ಪಥದಲ್ಲಿ, ಬೇರೊಂದು ಗಾಡಿಯಲ್ಲಿ, ತನ್ನ 29ನೆಯ ವಯಸ್ಸಿನಲ್ಲಿ ಮಡಿದನು. ಅನಾಥವಾದ ಲಿಬರ್ಟಿ ಗಾಡಿಯನ್ನು ಥಾಮಸನು 125 ಪೌಂಡಿಗೆ ಕೊಂಡು ಅದಕ್ಕೆ ಬ್ಯಾಬ್ಸ್ ಎಂದು ಹೆಸರಿಟ್ಟನು. ಬರಿಯ ಕಾಗದದ ಮೇಲೆ ಇಡೀ ಗಾಡಿಯನ್ನು ಕಾಣಬಲ್ಲ ಮನುಷ್ಯನು ಪರರು ಕೂಡಿಸಿಟ್ಟ ಈ ಕಲಸುಮೇಲೋಗರಕ್ಕೆ ಏಕೆ ಕೈಹಾಕಿದನೆಂದು ನಾನು ಬಹಳ ಯೋಚಿಸಿದ್ದೇನೆ. ಭೂಮಿಯ ಮೇಲಿನ ವೇಗದ ದಾಖಲೆಗೆ ತಕ್ಕ ಗಾಡಿಯನ್ನು ಮೊದಲಿನಿಂದ ಕಟ್ಟುವುದು ಬಹು ವೆಚ್ಚದ ಕೆಲಸ. ಹಾಸಿಗೆಯಿದ್ದಷ್ಟು ಕಾಲು ಚಾಚಿದನೆಂದೇ ನನ್ನ ಎಣಿಕೆ. ಆದರೆ ಸುಮ್ಮನೆ ಕೂರಲಿಲ್ಲ. ತಾನೇ ರೂಪಿಸಿದ ಪಿಸ್ಟನ್ನುಗಳನ್ನು ಹಾಕಿದನು. 4 ಜೆನಿತ್ ಕಾರ್ಬುರೇಟರುಗಳನ್ನು ಕೂಡಿಸಿದನು. ಗಾಳಿಯನ್ನು ಸೀಳುವಂತೆ ಹೊರಮೈಯನ್ನು ತಿದ್ದಿದನು. ಸರಪಣಿಗಳು ಮಾತ್ರ ಹಾಗೆಯೇ ಉಳಿದವು.

ಫಲ ಬೇಗನೆ ದೊರೆಯಿತು. 1926ರ ಏಪ್ರಿಲ್ 28ರಂದು ಪೆಂಡೈನಿನ ಮರಳಿನ ಮೇಲೆ ಬ್ಯಾಬ್ಸ್ ಗಂಟೆಗೆ 171 ಮೈಲಿಯ ವೇಗವನ್ನು ಮುಟ್ಟಿತು. ಆ ವರ್ಷ ಮಾರ್ಚಿಯಲ್ಲಿ ಸೀಗ್ರೇವನು ಸ್ಥಾಪಿಸಿದ್ದ ದಾಖಲೆ 152 ಮೈಲಿ. ಹಳೆಯ ಸಾಮಾನಿನಿಂದ ಕಟ್ಟಿದ ಗಾಡಿ ಲೋಕದಲ್ಲಿಯೇ ಅತಿ ವೇಗದ್ದೆನಿಸಿತು. 1927ರ ಫೆಬ್ರವರಿಯಲ್ಲಿ ಮಾಲ್ಕಂ ಕ್ಯಾಂಪ್‌ಬೆಲ್ಲನು, ಅದೇ ತೀರದಲ್ಲಿ, ಅದನ್ನು 174 ಮೈಲಿಗೆ ಏರಿಸಿದನು. ಕಳೆದುಕೊಂಡದ್ದನ್ನು ಮರಳಿ ಪಡೆಯಲು ಥಾಮಸನು ಮಾರ್ಚ್ 3ರಂದು ಪೆಂಡೈನಿನಲ್ಲಿ ಬ್ಯಾಬ್ಸನ್ನು ಓಡಿಸಿದನು. ಓಟದ ನಡುವೆ ಗಾಡಿ ಹಿಡಿತ ತಪ್ಪಿ ಮಗುಚಿತು. ತಲೆಗೆ ಪೆಟ್ಟು ಬಿದ್ದು ಆತನು ಅಲ್ಲಿಯೇ ಮಡಿದನು. ವಯಸ್ಸು 42. ಆತನ ದೇಹವನ್ನು ಬ್ರೂಕ್‌ಲ್ಯಾಂಡ್ಸಿನ ಬಳಿಯ ಬೈಫ್ಲೀಟ್ ಚರ್ಚಿನ ಅಂಗಳದಲ್ಲಿ ಸಮಾಧಿ ಮಾಡಿದರು. ಗಾಡಿಯನ್ನು ಮರಳು ನುಂಗಿತು.

ಸರಪಣಿ ಹರಿದು ಆತನನ್ನು ಬಡಿಯಿತೆಂಬುದು ಬಹುಕಾಲ ನಡೆದುಬಂದ ಮಾತು. 1969ರಲ್ಲಿ ಓವೆನ್ ವಿನ್ ಓವೆನ್ ಎಂಬ ವೇಲ್ಸಿನ ಎಂಜಿನಿಯರಿಂಗ್ ಅಧ್ಯಾಪಕನು ಬ್ಯಾಬ್ಸನ್ನು ಮರಳಿನಿಂದ ಎತ್ತಿಸಿದನು. ಆ ಅವಶೇಷಗಳನ್ನು ಪರೀಕ್ಷಿಸಿದ ಬಳಿಕ, ಮೊದಲು ಸೋತದ್ದು ಹಿಂದಿನ ಗಾಲಿಯಿರಬೇಕೆಂಬ ಅಭಿಪ್ರಾಯ ಬಲಗೊಂಡಿತು. ಸರಪಣಿಯೇ ಆಗಲಿ, ಗಾಲಿಯೇ ಆಗಲಿ, ಅಪವಾದವನ್ನು ಹೊತ್ತದ್ದು ಆತನು ಅಷ್ಟು ಶ್ರಮಪಟ್ಟು ತಿದ್ದಿದ ಎಂಜಿನ್ ಅಲ್ಲ ಎಂಬುದನ್ನು ನಾನು ಮರೆಯಲಾರೆ.

ಲೇಲ್ಯಾಂಡಿನಲ್ಲಿ ಥಾಮಸನ ಸಹಾಯಕನಾಗಿದ್ದ ರೀಡ್ ರೈಲ್ಟನ್ ಮುಂದೆ ಜಾನ್ ಕಾಬ್‌ಗಾಗಿ ಗಾಡಿಯೊಂದನ್ನು ರಚಿಸಿದನು. ಅದರಲ್ಲಿದ್ದ 2 ನೇಪಿಯರ್ ಎಂಜಿನ್ನುಗಳು 1920ರ ದಶಕದ ಹಳೆಯವು. ಒಡಲು, 4 ಗಾಲಿಗೂ ಶಕ್ತಿ ಹಂಚುವ ಏರ್ಪಾಡು, ಎಲ್ಲವೂ ಆ ಎಂಜಿನ್ನುಗಳಿಗೆಂದೇ ಹೊಸದಾಗಿ ಮಾಡಿದವು. 1947ರಲ್ಲಿ ಅದು ಗಂಟೆಗೆ 394 ಮೈಲಿ ಓಡಿತು. ಕಾಬ್ ಕ್ಷೇಮವಾಗಿ ಇಳಿದು ಬಂದನು. ಇದು ಥಾಮಸನ ಸಾವು ಕಲಿಸಿದ ಪಾಠವೇ ಎಂದು ನಾನು ಹೇಳಲಾರೆ. ಆದರೆ ನನ್ನ ಪ್ರಶ್ನೆಗೆ ಉತ್ತರವನ್ನು ಅಲ್ಲಿ ಕಂಡಿದ್ದೇನೆ.

ಓವೆನ್ ವರ್ಷಗಟ್ಟಲೆ ದುಡಿದು, ತುಕ್ಕು ತಿಂದುದನ್ನು ಬದಲಿಸಿ, ಬ್ಯಾಬ್ಸ್ ಮತ್ತೆ ಗರ್ಜಿಸುವಂತೆ ಮಾಡಿದನು. ಬೇರೊಬ್ಬನ ಗಾಡಿಯನ್ನು ತನ್ನದಾಗಿಸಿಕೊಂಡ ಥಾಮಸನ ಕೆಲಸವನ್ನು ಇನ್ನೊಬ್ಬ ಅಪರಿಚಿತನು ಮುಂದುವರಿಸಿದಂತಾಯಿತು. ಈ ಸಲ ಯಾರಿಗೂ ಆತುರವಿರಲಿಲ್ಲ.